ಅವರಂತಾಗುವುದು, ಅವರಿಗಾಗುವುದು

ಅಲ್ಲಾಳಸಂದ್ರದ ‘ಸಂದ್ರ’ ಎಂದರೆ ಸಮುದ್ರ ಎಂದು ಹೇಳಿದರೆ ಹೊಸದಾಗಿ ಬಂದವರು ನಗುತ್ತಾರೆ. ಆದರೆ ಅದು ನಿಜ. ಹಿಂದಿನವರು ಕೆರೆ ಕಟ್ಟಿಸಿ, ಕಟ್ಟಿಸಿದವರದೋ ದೇವರದೋ ಹೆಸರಿನ ಜೊತೆಗೆ ಸಮುದ್ರ ಎಂದು ಸೇರಿಸಿ ಹೆಮ್ಮೆಪಡುತ್ತಿದ್ದರು. ಜನರ ನಾಲಿಗೆಯ ಮೇಲೆ ಸವೆದು ಸವೆದು ಆ ಸಮುದ್ರ ಸಂದ್ರವಾಯಿತು. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರಗಳ ಕಥೆಯೂ ಇದೇ. ಕೆರೆಯೆಂದರೆ ಇನ್ನೇನು, ಎಲ್ಲೆಲ್ಲಿಂದಲೋ ಹರಿದು ಬಂದ ನೀರು ಒಂದು ಏರಿಯ ಮಗ್ಗುಲಲ್ಲಿ ನಿಂತದ್ದು ತಾನೇ? ಯಾವ ಹನಿ ಯಾವ ದಿಣ್ಣೆಯಿಂದ ಇಳಿದು ಬಂತು ಎಂದು ಕೆರೆ ಕೇಳುವುದಿಲ್ಲ.

ಊರು ಮಾತ್ರ ಕೇಳುತ್ತದೆ. ಯಲಹಂಕದಿಂದ ಹೆಬ್ಬಾಳದವರೆಗೆ ಬಳ್ಳಾರಿ ರಸ್ತೆಯ ಎರಡೂ ಕಡೆ ಒಂದು ಕಾಲಕ್ಕೆ ರಾಗಿ ಹೊಲ, ತೋಟ, ತೋಪುಗಳಿದ್ದವು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ಇಲ್ಲಿಗೆ ಬರುವವರಿಗೆ ಲೆಕ್ಕವಿಲ್ಲ. ರಾಯಚೂರು, ಕಲಬುರಗಿಗಳಿಂದ ಗಾರೆ ಕೆಲಸಕ್ಕೆ ಬಂದವರು, ಒಡಿಶಾ, ಬಿಹಾರಗಳಿಂದ ಬಂದ ಹುಡುಗರು, ಕಂಪ್ಯೂಟರ್ ಕೆಲಸಕ್ಕೆ ಬಂದು ಹತ್ತನೆಯ ಮಹಡಿಯಲ್ಲಿ ಮನೆ ಮಾಡಿದವರು. ಇವರನ್ನೆಲ್ಲ ನೋಡಿ ಊರಿನ ಹಳಬರು, ‘ಇವರು ನಮ್ಮವರಾಗೋದು ಯಾವ ಕಾಲಕ್ಕೋ’ ಎಂದು ನಿಟ್ಟುಸಿರು ಬಿಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ನಗು ಬರುತ್ತದೆ. ಹಳಬರು ಎಂದುಕೊಳ್ಳುವವರಲ್ಲಿ ಸರಿಸುಮಾರು ಅರ್ಧ ಜನ, ಅಂದರೆ ನಾವು ಹೆಂಗಸರು, ಬೇರೆ ಊರಿನಿಂದ ಬಂದವರೇ ಅಲ್ಲವೇ?

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ತವರಿನವರು ಗಾದೆ ಹೇಳಿ ಕಳಿಸುತ್ತಾರೆ. ಹೋದ ಮನೆಯಲ್ಲಿ ‘ಅವರ ಕಡೆಯಿಂದ ತಂದ ಹೆಣ್ಣು’ ಎನ್ನುತ್ತಾರೆ. ನಡುವೆ ಎಷ್ಟು ವರ್ಷ ಕಳೆಯುತ್ತವೋ! ನಾನು ಹಾಸನದ ಕಡೆಯಿಂದ ಬಂದವಳು. ಸೇರಿದ ಮನೆಯಲ್ಲಿ ಹಿರಿಯರೆಲ್ಲ ಒಳಗೆ ತೆಲುಗು, ಹೊರಗೆ ಕನ್ನಡ. ಯಲಹಂಕ, ದೇವನಹಳ್ಳಿಯ ಸುತ್ತಮುತ್ತ ಇದು ಹೊಸದೇನಲ್ಲ. ಅಕ್ಕಿರೊಟ್ಟಿಯ ಕೈ ಮುದ್ದೆ ತೊಳೆಸಲು ಕಲಿಯಿತು. ಸಾರಿನ ಹದ ಬದಲಾಯಿತು, ಸೆರಗು ಸಿಕ್ಕಿಸುವ ರೀತಿ ಬದಲಾಯಿತು, ನಾಲಿಗೆಯೂ ಬದಲಾಯಿತು. ಕೆಲವು ವರ್ಷಗಳ ಮೇಲೆ ಒಂದು ದಿನ ನಮ್ಮ ಅತ್ತೆ ಪಕ್ಕದ ಮನೆಯವರ ಹತ್ತಿರ, ‘ನಮ್ಮ ಸೊಸೆ ಈಗ ನಮ್ಮಂಗೇ ಆಗ್ಬಿಟ್ಲು ಕಣವ್ವ’ ಎಂದರು. ಹೆಣ್ಣಿಗೆ ಸಿಗುವ ದೊಡ್ಡ ಸರ್ಟಿಫಿಕೇಟು ಅದು. ಸಂತೋಷವೇನೋ ಆಯಿತು. ಆದರೆ ಆವತ್ತಿನಿಂದ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವರಂತೆ ಆಗುವುದು ಎಂದರೆ ಅವರವಳಾದ ಹಾಗೆಯೇ? ಉಡುಗೆ, ಊಟ, ಮಾತು ಇಷ್ಟನ್ನು ಬದಲಾಯಿಸಿಕೊಂಡರೆ ಒಬ್ಬರು ಇನ್ನೊಬ್ಬರಿಗೆ ಸೇರಿದವರಾಗುತ್ತಾರೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಒಬ್ಬ ಗಂಡಸು, ಅದೂ ಮದುವೆಯೇ ಇಲ್ಲದ ಒಬ್ಬ ಪಾದ್ರಿ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಿಗೆಗೆ ಮತ್ತೆ ಮೈ ತೋರಿಸುವ ಕಟ್ಟಡ ಅದು. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ್ದು. ಈಗ ಅಲ್ಲಿ ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚು. ಆದರೆ ಆ ಸೀಮೆಯಲ್ಲಿ ಕ್ರೈಸ್ತ ಒಕ್ಕಲು ನೆಲೆಯೂರಿದ ಕಥೆ ಆ ಚರ್ಚಿಗಿಂತ ಹಳೆಯದು. ಆ ಕಥೆಯಲ್ಲಿ ದೊಡ್ಡದಾಗಿ ಕೇಳಿಬರುವ ಹೆಸರು ಅಬ್ಬೆ ದುಬೋಯ್.

ಅಬ್ಬೆ ಎಂದರೆ ನಮ್ಮ ಹಳೆಯ ಕನ್ನಡದಲ್ಲಿ ತಾಯಿ. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿಯನ್ನು ಅಬ್ಬೆ ಎಂದೇ ಕರೆಯುತ್ತಾರೆ. ಫ್ರೆಂಚರ ಅಬ್ಬೆ ಎಂದರೆ ತಂದೆ, ಗುರು. ನಮ್ಮ ಜನ ಎರಡನ್ನೂ ಬಿಟ್ಟು ತಮ್ಮದೇ ಹೆಸರು ಕೊಟ್ಟರು. ಅವರನ್ನು ‘ದೊಡ್ಡ ಸ್ವಾಮಿಯೋರು’ ಎಂದು ಕರೆದರು.

ಜಾನ್ ಆಂಟ್ವಾನ್ ದುಬೋಯ್ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯವರು. 1792ರಲ್ಲಿ ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಕಡೆಯಿಂದ ಭಾರತಕ್ಕೆ ಹೊರಟರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಹಿಂದೆ ಉಳಿದ ಪಾದ್ರಿಗಳಲ್ಲಿ ಅನೇಕರು ತಲೆ ಕಳೆದುಕೊಂಡರು. ದುಬೋಯ್ ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿ ತಮಿಳು ಸೀಮೆಯಲ್ಲಿ ಕೆಲಸ ಮಾಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಅಲ್ಲಿಗೆ ಕರೆಸಿಕೊಂಡರು. ಟಿಪ್ಪುವಿನ ಕಾಲದಲ್ಲಿ ಬಲವಂತಕ್ಕೆ ಮತ ಬದಲಿಸಬೇಕಾಗಿ ಬಂದಿದ್ದ ಕ್ರೈಸ್ತ ಕುಟುಂಬಗಳಿಗೆ ತಮ್ಮ ಗುಡಿಗೆ ಹಿಂತಿರುಗುವುದು ಬೇಕಿತ್ತು. ಅವರನ್ನು ಒಟ್ಟುಗೂಡಿಸುವ ಕೆಲಸ ದುಬೋಯ್ ಪಾಲಿಗೆ ಬಂತು.

ಮೈಸೂರು ಸೀಮೆಗೆ ಬಂದ ಮೊದಲ ಪಾದ್ರಿ ಅವರೇನೂ ಅಲ್ಲ. ಹದಿನೇಳನೆಯ ಶತಮಾನದ ನಡುವಿನಲ್ಲೇ ಇಟಲಿಯ ಜೆಸ್ವಿಟ್ ಪಾದ್ರಿ ಚಿನ್ನಮಿ ಎಂಬುವರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತಿದ್ದರು. ಆದರೆ ಜನರಂತೆ ಬದುಕುವ ವಿಷಯದಲ್ಲಿ ದುಬೋಯ್ ಯಾರಿಗೂ ಕಡಿಮೆಯಿರಲಿಲ್ಲ. ಬಿಳಿಯ ಬಟ್ಟೆಯ ನಿಲುವಂಗಿ ತೊಟ್ಟರು. ತಲೆಗೆ ರುಮಾಲು ಸುತ್ತಿದರು. ಮಾಂಸ ಬಿಟ್ಟರು. ಯೂರೋಪಿನವರ ಸಹವಾಸದಿಂದ ದೂರ ಉಳಿದು, ಇಲ್ಲಿಯ ಜನರ ಭಾಷೆಯನ್ನಾಡಿ, ಅವರು ಕೂತಂತೆ ಕೂತು, ಅವರು ಉಂಡಂತೆ ಉಂಡು 31 ವರ್ಷ ಈ ದೇಶದಲ್ಲಿ ಕಳೆದರು. ನಮ್ಮ ಶಿವಾಜಿನಗರದಲ್ಲಿ ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ಜಾತಿಮತ ನೋಡದೆ ಹೆಂಗಸರು ಸಾಲು ನಿಲ್ಲುವ, ಸೀರೆಯುಟ್ಟ ಮರಿಯಮ್ಮನವರ ಬೆಸಿಲಿಕ ಇದೆಯಲ್ಲ, ಅಲ್ಲಿ ಮೊದಲು ಇದ್ದ ಹುಲ್ಲು ಹೊದಿಸಿದ ಗುಡಿಗೂ ದುಬೋಯ್ ಹೆಸರನ್ನೇ ಹೇಳುತ್ತಾರೆ.

ಇಷ್ಟೇ ಆಗಿದ್ದರೆ ‘ಎಂಥ ಪುಣ್ಯಾತ್ಮ’ ಎಂದು ಕೈ ಮುಗಿದು ಸುಮ್ಮನಾಗಬಹುದಿತ್ತು. ಆದರೆ ಈ ಪುಣ್ಯಾತ್ಮರು ಒಂದು ಪುಸ್ತಕ ಬರೆಯುತ್ತಿದ್ದರು.

ಹಿಂದೂಗಳ ಆಚಾರ, ಪದ್ಧತಿ, ಮದುವೆ, ಸಾವು, ಮಡಿ, ಜಾತಿ ಎಲ್ಲವನ್ನೂ ವಿವರಿಸುವ ದೊಡ್ಡ ಪುಸ್ತಕ. ಅದರ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಕೈ ಸೇರಿ, ಅವರ ಮೂಲಕ ಮದ್ರಾಸಿನ ಕಂಪನಿ ಸರ್ಕಾರಕ್ಕೆ ಹೋಯಿತು. ಸರ್ಕಾರ 1807ರಲ್ಲಿ 2,000 ಸ್ಟಾರ್ ಪಗೋಡಾ, ಅಂದರೆ ಎರಡು ಸಾವಿರ ವರಹ ಕೊಟ್ಟು ಅದನ್ನು ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಆಳುವವರಿಗೆ ಆಳಿಸಿಕೊಳ್ಳುವವರ ಮನೆಯೊಳಗಿನ ಗುಟ್ಟು ತಿಳಿದಿದ್ದರೆ ಅನುಕೂಲ ತಾನೇ? ಪುಸ್ತಕದಲ್ಲಿ ಮೆಚ್ಚಿಕೆಯ ಮಾತುಗಳೂ ಇವೆ, ಬಹಳ ಕಟುವಾದ ಮಾತುಗಳೂ ಇವೆ. ತಾವು ಜನರಂತೆ ಬದುಕಿದ್ದು ಏಕೆಂಬುದನ್ನೂ ದುಬೋಯ್ ಮುಚ್ಚಿಡಲಿಲ್ಲ. ಹಾಗೆ ಬದುಕಿದ್ದರಿಂದಲೇ ಎಲ್ಲ ಜಾತಿಯವರ ನಂಬಿಕೆ ಗಳಿಸಲು ಸಾಧ್ಯವಾಯಿತು ಎಂದು ಬರೆದರು. ಅದೂ ಸಾಲದೆಂಬಂತೆ, ಆ ಪುಸ್ತಕದ ಬಹುಪಾಲು ಅವರು ಕಣ್ಣಾರೆ ಕಂಡದ್ದಲ್ಲ, ಅವರಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕೂರ್ದೂ ಎಂಬುವರ ಬರಹದಿಂದ ಎತ್ತಿಕೊಂಡದ್ದು ಎಂದು ಫ್ರಾನ್ಸಿನ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು.

ದೊಡ್ಡ ಸ್ವಾಮಿಯೋರು ಎಂದು ಅಡ್ಡಬೀಳುತ್ತಿದ್ದ ಜನಕ್ಕೆ ಆ ಸ್ವಾಮಿಯೋರು ರಾತ್ರಿ ದೀಪದ ಬೆಳಕಿನಲ್ಲಿ ತಮ್ಮ ಬಗ್ಗೆ ಏನು ಬರೆಯುತ್ತಿದ್ದಾರೆಂಬುದು ತಿಳಿಯುವಂತಿರಲಿಲ್ಲ. ಇಲ್ಲಿಗೆ ಬಂದಾಗ ನನ್ನ ಮನಸ್ಸು ಮುದುಡುತ್ತದೆ. ನಮ್ಮ ಮನೆಗೆ ಬಂದು, ನಮ್ಮ ಮಣೆಯ ಮೇಲೆ ಕೂತು, ನಮ್ಮ ಕೈ ಅಡುಗೆ ಉಂಡವರು ಆಚೆ ಹೋಗಿ ನಮ್ಮ ಮಾತನ್ನೇ ಎರಡು ಸಾವಿರ ವರಹಕ್ಕೆ ಮಾರಿದರೆ, ಆ ಮಣೆ, ಆ ಊಟ ಎಲ್ಲಕ್ಕೂ ಏನು ಅರ್ಥ? ಅವರಂತೆ ಆಗುವುದು ಒಂದು ವೇಷವೂ ಆಗಬಹುದು ಎಂಬುದು ಇಲ್ಲಿ ತಿಳಿಯುತ್ತದೆ.

ಆದರೆ ನ್ಯಾಯ ಹೇಳುವವರು ಒಂದೇ ಕಡೆಯ ಮಾತು ಕೇಳಬಾರದು. ದುಬೋಯ್ ಬರೆದದ್ದನ್ನು ಕೇಳಿದೆವು, ಮಾಡಿದ್ದನ್ನೂ ಕೇಳಬೇಕು.

ಆ ಕಾಲದಲ್ಲಿ ಸಿಡುಬು ಎಂದರೆ ಊರು ಬಿಡುವಂಥ ಭಯ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ರೋಗದ ಹೆಸರು ಹೇಳಲೂ ಹೆದರಿಕೆ. ಅರಮನೆಯನ್ನೂ ಅದು ಬಿಟ್ಟಿರಲಿಲ್ಲ. ಇಂಗ್ಲೆಂಡಿನ ಜೆನ್ನರ್ ಕಂಡುಹಿಡಿದ ಹಸುವಿನ ಸಿಡುಬಿನ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಈ ದೇಶದಲ್ಲಿ ಅದನ್ನು ಮೊದಲು ಹಾಕಿಸಿಕೊಂಡದ್ದು ಮೂರು ವರ್ಷದ ಒಂದು ಹೆಣ್ಣು ಮಗು. ಮಾರನೆಯ ವರ್ಷದಲ್ಲೇ ದುಬೋಯ್ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆ ಕೆಲಸಕ್ಕೆ ನಿಂತರು. 1803-04ರಲ್ಲಿ 25 ಸಾವಿರಕ್ಕೂ ಹೆಚ್ಚು ಜನಕ್ಕೆ ಲಸಿಕೆ ಹಾಕಿಸಿದರು ಎಂದು ದಾಖಲೆಯಿದೆ. ಆಗ ಸೂಜಿಯಿಲ್ಲ, ಸೀಸೆಯಿಲ್ಲ. ಲಸಿಕೆ ಹಾಕಿಸಿಕೊಂಡವರ ತೋಳಿನ ಗುಳ್ಳೆಯ ರಸವನ್ನು ತೆಗೆದು ಇನ್ನೊಬ್ಬರ ತೋಳಿಗೆ ಗೀರಿ ಸೇರಿಸಬೇಕು. ಯಾರ ಮೈಯದೋ ರಸ ನಮ್ಮ ಮೈಗೆ ಎಂದರೆ ಅಂದಿನ ತಾಯಂದಿರು ಮಕ್ಕಳನ್ನು ಒಳಕೋಣೆಯಲ್ಲಿ ಬಚ್ಚಿಟ್ಟುಕೊಳ್ಳದೆ ಇನ್ನೇನು ಮಾಡಿಯಾರು? 1805ರ ಸುಮಾರಿನಲ್ಲಿ ಥಾಮಸ್ ಹಿಕ್ಕಿ ಬರೆದ, ಮೈಸೂರು ರಾಣಿಯರದೆಂದು ಗುರುತಿಸಲಾದ ಒಂದು ಚಿತ್ರವಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುವುದು ಲಸಿಕೆ ಹಾಕಿದ ಜಾಗವನ್ನೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥ ಹೇಳಿದ್ದಾರೆ. ಅರಮನೆಯ ಹೆಣ್ಣುಮಕ್ಕಳೇ ತೋಳು ತೋರಿಸಿ ಹೇಳಬೇಕಾದಷ್ಟು ಅಳುಕು ಜನರಲ್ಲಿತ್ತು ಎಂದಾಯಿತು. ಅಂಥ ಹೊತ್ತಿನಲ್ಲಿ ಹಳ್ಳಿಯ ತಾಯಿ ತನ್ನ ಮಗುವಿನ ತೋಳನ್ನು ಒಡ್ಡಿದ್ದು ಯಾವ ಡಾಕ್ಟರನ್ನು ನೋಡಿ? ರುಮಾಲು ಸುತ್ತಿದ, ತನ್ನ ಮಾತನ್ನೇ ಆಡುವ ಈ ದೊಡ್ಡ ಸ್ವಾಮಿಯೋರ ಮುಖ ನೋಡಿಯೇ ಇದ್ದೀತು. ಪುಸ್ತಕಕ್ಕೆ ದಾರಿ ಮಾಡಿದ ನಂಬಿಕೆಯೇ ಲಸಿಕೆಗೂ ದಾರಿ ಮಾಡಿತು.

ಇನ್ನೊಂದು ಕೆಲಸ ಸಾತಳ್ಳಿಯದು. ಯುದ್ಧದ ಕಾಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳಿಗೆ ಹಾಸನದ ಕಡೆಯ ಸಾತಳ್ಳಿಯಲ್ಲಿ ನೆಲೆ ಮಾಡಿ ಬೇಸಾಯಕ್ಕೆ ಹಚ್ಚಿದರು. ದೇವರ ಮಾತಿಗಿಂತ ಮೊದಲು ಅನ್ನದ ಮಾತು. ಹಸಿದವನಿಗೆ ಉಪದೇಶ ಮಾಡಬಾರದೆಂಬುದು ಆ ಪಾದ್ರಿಗೆ ಗೊತ್ತಿತ್ತು.

ಕನ್ನಡದಲ್ಲಿ ‘ಆಗು’ ಎಂಬ ಮಾತಿಗೆ ಒಂದು ಚೆಂದದ ಅರ್ಥವಿದೆ. ‘ಕಷ್ಟಕ್ಕೆ ಆದವರು’ ಎನ್ನುತ್ತೇವೆ. ಹೊತ್ತಿಗೆ ಒದಗಿದವರು ಎಂದರ್ಥ. ‘ಕಷ್ಟಕ್ಕಾಗದ ನೆಂಟ ಇದ್ದರೇನು, ಬಿಟ್ಟರೇನು’ ಎಂದು ಬೇಸರದಲ್ಲಿ ಹೇಳುವುದೂ ಉಂಟು. ಹಾಗಾದರೆ ಅವರಂತಾಗುವುದು ಒಂದು, ಅವರಿಗಾಗುವುದು ಇನ್ನೊಂದು. ಮೊದಲನೆಯದನ್ನು ವೇಷದಿಂದಲೂ ಸಾಧಿಸಬಹುದು. ಎರಡನೆಯದಕ್ಕೆ ಮೈ ಮುರಿಯಬೇಕು. ಸೊಸೆಯ ವಿಷಯದಲ್ಲೂ ನೋಡಿ. ಅತ್ತೆಯ ಮನೆಯ ಸಾರಿನ ಹದ ಕಲಿತ ದಿನ ಅವಳು ಅವರಂತಾದಳು. ಮಾವ ಹಾಸಿಗೆ ಹಿಡಿದಾಗ ಮೂರು ತಿಂಗಳು ರಾತ್ರಿ ಎದ್ದು ಮಗ್ಗುಲು ಹೊರಳಿಸಿದಳಲ್ಲ, ಆ ದಿನ ಅವರಿಗಾದಳು. ಆಮೇಲೆ ಅವಳು ಹಾಸನದ ಸಾರನ್ನೇ ಮಾಡಿ ಬಡಿಸಿದರೂ ಯಾರೂ ತಟ್ಟೆ ಸರಿಸುವುದಿಲ್ಲ.

ಇದನ್ನು ತಿರುಗಿಸಿಯೂ ನೋಡಬಹುದು. ಹುಟ್ಟಿನಿಂದಲೇ ಅವರಂತಿದ್ದವರ ಪಾಡು ಏನು? ಅಂಥ ಒಬ್ಬ ಪಾದ್ರಿಯ ಕಥೆ ದೂರದ ಅಮೆರಿಕದಲ್ಲಿದೆ. ಲಿಯೊಪೋಲ್ಡ್ ಮೊಚಿಗೆಂಬ ಎಂಬುವರು ಸೈಲೀಸಿಯಾದ ಪೋಲಿಷ್ ಮಾತಿನ ಹಳ್ಳಿಯಲ್ಲಿ ಹುಟ್ಟಿ, 1852ರಲ್ಲಿ ಟೆಕ್ಸಸ್ ಪ್ರಾಂತಕ್ಕೆ ಹೋದ ಫ್ರಾನ್ಸಿಸ್ಕನ್ ಪಾದ್ರಿ. ಅಲ್ಲಿಯ ವಿಶಾಲವಾದ ಭೂಮಿಯನ್ನು ಕಂಡು, ಊರಿನ ಬಡ ರೈತರಾದ ತಮ್ಮ ಬಂಧುಗಳಿಗೆ ‘ಬನ್ನಿ’ ಎಂದು ಕಾಗದ ಬರೆದರು. ಕಾಗದ ನಂಬಿ ಜನ ಹೊರಟೇಬಿಟ್ಟರು. ಹಡಗಿನಿಂದಿಳಿದು, ನೇಗಿಲು, ಹಾಸಿಗೆ, ತಮ್ಮೂರ ಚರ್ಚಿನ ಶಿಲುಬೆ ಹೊತ್ತುಕೊಂಡು ನಡೆದು, 1854ರ ಕ್ರಿಸ್ಮಸ್ ಹಿಂದಿನ ದಿನ ಆ ಜಾಗ ಸೇರಿದರು. ಒಂದು ಓಕ್ ಮರದ ಕೆಳಗೆ ಪೂಜೆ ನಡೆಯಿತು. ಊರಿಗೆ ಪನ್ನಾ ಮಾರಿಯಾ, ಅಂದರೆ ಕನ್ಯಾ ಮರಿಯ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಪೋಲಿಷ್ ಜನರ ಅತ್ಯಂತ ಹಳೆಯ ನೆಲೆ ಅದೇ.

ಆದರೆ ಹೋದವರಿಗೆ ಕಂಡದ್ದೇನು? ಆಳೆತ್ತರದ ಹುಲ್ಲು, ಹುಲ್ಲಿನಲ್ಲಿ ಹಾವು, ಇರಲು ಸೂರಿಲ್ಲ. ಆಮೇಲೆ ಬರಗಾಲ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದ ಆ ಹೆಂಗಸರನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜನರ ಸಿಟ್ಟು ಕರೆಸಿದವರ ಮೇಲೆಯೇ ತಿರುಗಿತು. ಮೊಚಿಗೆಂಬ 1856ರಲ್ಲಿ ಆ ಊರು ಬಿಟ್ಟರು. ಒಂದೇ ಮಾತು, ಒಂದೇ ಊಟ, ಒಂದೇ ರಕ್ತ. ಅವರಂತೆ ಆಗುವ ಕಷ್ಟವೇ ಇಲ್ಲದ ಮನುಷ್ಯ. ಆದರೂ ಕಷ್ಟದ ಹೊತ್ತಿನಲ್ಲಿ ನಡುವೆ ಗೋಡೆ ಎದ್ದಿತು. ಆಮೇಲೆ ಅವರು ಸುಮ್ಮನೆ ಕೂರಲಿಲ್ಲ. ಅಮೆರಿಕದ ಪೋಲಿಷ್ ಜನಕ್ಕೆ ಅವರ ಮಾತು ಬಲ್ಲ ಗುರುಗಳನ್ನು ತಯಾರಿಸಲು ಒಂದು ಸೆಮಿನರಿ ಬೇಕೆಂದು ಓಡಾಡಿ, 1879ರಲ್ಲಿ ಪೋಪರ ಅನುಮತಿ ತಂದರು. 1891ರಲ್ಲಿ ತೀರಿಕೊಂಡರು. 1974ರಲ್ಲಿ, ಸತ್ತು 83 ವರ್ಷದ ಮೇಲೆ, ಅವರ ಅಸ್ಥಿಯನ್ನು ಪನ್ನಾ ಮಾರಿಯಾಕ್ಕೆ ತಂದು ಅದೇ ಓಕ್ ಮರದ ಕೆಳಗೆ ಮಣ್ಣು ಮಾಡಿದರು. ಬೈದವರ ಮೊಮ್ಮಕ್ಕಳ ಮಕ್ಕಳ ಕಾಲಕ್ಕೆ ಅವರು ಆ ಊರಿನವರಾದರು.

ನಮ್ಮ ದುಬೋಯ್ ಹಾಗೆ ಹಿಂತಿರುಗಿ ಬರಲಿಲ್ಲ. 1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಕಂಪನಿ ಸರ್ಕಾರ ಪ್ರಯಾಣದ ಖರ್ಚು ಕೊಟ್ಟು ಪಿಂಚಣಿಯನ್ನೂ ಗೊತ್ತು ಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಇನ್ನೊಂದು ಪುಸ್ತಕ ಬಂತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತು ಎಂಬುದೇ ಅದರ ತಿರುಳು. ಇಷ್ಟು ವರ್ಷಗಳಲ್ಲಿ ತಮ್ಮಿಂದ ಮತ ಬದಲಿಸಿದವರು ಇನ್ನೂರು ಮುನ್ನೂರು ಜನ ಇದ್ದಾರು, ಅವರಲ್ಲೂ ಮನಃಪೂರ್ವಕವಾಗಿ ಬಂದವರನ್ನು ಹುಡುಕಬೇಕು ಎಂದು ಒಪ್ಪಿಕೊಂಡರು. ಬಾಳೆಲ್ಲ ಸವೆಸಿದ ಕೆಲಸ ಫಲಿಸಲಿಲ್ಲ ಎಂದು ಲೋಕದ ಮುಂದೆ ಬರೆಯಲು ಗಟ್ಟಿ ಎದೆ ಬೇಕು. ಬೇರೆ ಮಿಷನರಿಗಳು ಮರುವರ್ಷವೇ ಅವರಿಗೆ ಉತ್ತರವಾಗಿ ಪುಸ್ತಕ ಬರೆದು ಹರಿಹಾಯ್ದರು.

ಅದೇ ಪುಸ್ತಕದ ಕೊನೆಯಲ್ಲಿ ನಮಗೆ ಸಂಬಂಧಪಟ್ಟ ಒಂದು ಸಂಗತಿಯಿದೆ. ಬಂಗಾಳದ ಸೆರಾಂಪುರದ ಮಿಷನರಿ ವಿಲಿಯಂ ವಾರ್ಡ್ ಎಂಬುವರು ಇಂಗ್ಲೆಂಡಿನ ಹೆಂಗಸರಿಗೆ ಬರೆದ ಕಾಗದದಲ್ಲಿ ಹಿಂದೂ ಹೆಂಗಸರ ಬಗ್ಗೆ ಬಹಳ ಹೀನಾಯವಾಗಿ ಬರೆದಿದ್ದರು. ಅದಕ್ಕೆ ದುಬೋಯ್ ಸಿಟ್ಟಿನಿಂದ ಉತ್ತರ ಕೊಟ್ಟಿದ್ದಾರೆ. ಮನೆಯೊಳಗೆ ಹಿಂದೂ ಹೆಣ್ಣಿಗೆ ಇರುವ ಅಧಿಕಾರ, ಅವಳಿಗೆ ಸಲ್ಲುವ ಗೌರವ ಇವೆಲ್ಲ ಆ ವಾರ್ಡರಿಗೆ ಗೊತ್ತೇ ಇಲ್ಲ ಎಂದು ನಮ್ಮ ಪರವಾಗಿ ವಾದಿಸಿದ್ದಾರೆ. ಓದುವಾಗ ಒಂದು ಕ್ಷಣ ಹಿತವೆನಿಸುತ್ತದೆ, ಮರುಕ್ಷಣ ನಗು ಬರುತ್ತದೆ. ಇಬ್ಬರು ಪಾದ್ರಿಗಳು ಸಮುದ್ರದಾಚೆಯ ಓದುಗರ ಎದುರಿಗೆ ನಮ್ಮ ಅಜ್ಜಿಯರ ಅಜ್ಜಿಯರು ಸುಖವಾಗಿದ್ದರೋ ಇಲ್ಲವೋ ಎಂದು ಜಗಳವಾಡಿದರು. ಆ ಅಜ್ಜಿಯರನ್ನು ಮಾತ್ರ ಯಾರೂ ಕೇಳಲಿಲ್ಲ. ಬೈದವರೂ ಕೇಳಲಿಲ್ಲ, ಹೊಗಳಿದವರೂ ಕೇಳಲಿಲ್ಲ.

ಇಲ್ಲಿ ನನಗೆ ಮೂರನೆಯ ಒಂದು ಅಳತೆ ಬೇಕೆನಿಸುತ್ತದೆ. ಅವರಂತಾದರೆ ಸಾಲದು. ಅವರಿಗಾದರೆ ದೊಡ್ಡದು, ಆದರೂ ಅಲ್ಲಿಗೆ ಮುಗಿಯಲಿಲ್ಲ. ಅವರ ಬೆನ್ನ ಹಿಂದೆ ಅವರ ಬಗ್ಗೆ ನಾವು ಆಡುವ ಮಾತನ್ನು ಅವರ ಮುಖದೆದುರು ಆಡಬಲ್ಲೆವೇ? ದುಬೋಯ್ ತಮ್ಮ ಪುಸ್ತಕವನ್ನು ಸಾತಳ್ಳಿಯ ಒಕ್ಕಲಿನ ಮುಂದೆ ಕನ್ನಡದಲ್ಲಿ ಓದಿ ಹೇಳಬಹುದಿತ್ತೇ? ಓದಿದ್ದರೆ ಯಾವುದಾದರೂ ಒಬ್ಬ ಮುದುಕಿ ಎದ್ದು ನಿಂತು, ‘ಸ್ವಾಮಿಯೋರೇ, ಅದು ಹಂಗಲ್ಲ’ ಎನ್ನುತ್ತಿದ್ದಳು. ಪುಸ್ತಕ ಇನ್ನೂ ಒಳ್ಳೆಯದಾಗುತ್ತಿತ್ತು. ಬರೆದವರೂ ಆ ಜನಕ್ಕೆ ಇನ್ನಷ್ಟು ಸೇರಿದವರಾಗುತ್ತಿದ್ದರು.

ನಿಮ್ಮಲ್ಲಿ ಯಾರಾದರೂ ಕೇಳಬಹುದು: ಈ ಅಳತೆಯನ್ನು ಸೊಸೆಗೂ ಇಡುತ್ತೀರಾ? ಅತ್ತೆಯ ಬಗ್ಗೆ ಅಮ್ಮನ ಹತ್ತಿರ ಹೇಳಿಕೊಳ್ಳುವ ದುಃಖವನ್ನೂ ಅತ್ತೆಯ ಎದುರಿಗೇ ಹೇಳಬೇಕೇ? ಪ್ರಶ್ನೆ ಸರಿಯಾಗಿದೆ. ಇನ್‌ಲ್ಯಾಂಡ್ ಲೆಟರಿನ ಕಾಲವನ್ನು ನೆನೆಯಿರಿ. ಕಾಗದವನ್ನು ಡಬ್ಬಕ್ಕೆ ಹಾಕುವವರು ಮಾವ. ಆದ್ದರಿಂದ ಎಷ್ಟೋ ಹೆಣ್ಣುಮಕ್ಕಳು ‘ನಾನು ಇಲ್ಲಿ ಕ್ಷೇಮ’ ಎಂಬ ಒಂದೇ ಸಾಲನ್ನು ವರ್ಷಗಟ್ಟಲೆ ಬರೆದರು. ಮುಖದೆದುರು ಓದಬಹುದಾದದ್ದನ್ನೇ ಬರೆದರು. ಅದು ಪ್ರಾಮಾಣಿಕತೆಯಲ್ಲ, ಬಾಯಿಗೆ ಹಾಕಿದ ಬೀಗ. ಆದ್ದರಿಂದ ಈ ಅಳತೆಯನ್ನು ಹಿಡಿಯುವ ಮುಂಚೆ ಯಾರ ಕೈಯಲ್ಲಿ ಅಧಿಕಾರವಿದೆ ಎಂದು ನೋಡಬೇಕು. ಸೊಸೆಯ ಅಳು ಅವಳ ಉಸಿರು, ಅದರಿಂದ ಅತ್ತೆಯ ಮನೆಗೆ ಏನೂ ಕುಂದಿಲ್ಲ. ಯಾರ ಮಾತು ಇನ್ನೊಬ್ಬರ ಬದುಕಿನ ಮೇಲೆ ತೀರ್ಪಾಗಿ ಬೀಳುತ್ತದೋ, ಅವರು ಆ ಮಾತನ್ನು ಎದುರಿಗೆ ನಿಂತು ಹೇಳಬೇಕು. ಕಂಪನಿ ಕೊಂಡ ಪುಸ್ತಕ ಅಂಥದು. ಬೀಗರ ಮನೆಯಲ್ಲಿ ಕೂತು ಅತ್ತೆ ಸೊಸೆಯ ಬಗ್ಗೆ ಆಡುವ ಮಾತೂ ಅಂಥದು.

ಇದೇ ಅಳತೆಯನ್ನು ಊರಿಗೂ ಇಡಬೇಕು. ಹೊಸಬರು ಕನ್ನಡ ಕಲಿಯಬೇಕು ಎನ್ನುತ್ತೇವೆ, ನಾನೂ ಎನ್ನುತ್ತೇನೆ. ಆದರೆ ಏಕೆ ಕಲಿಯಬೇಕು? ನಮ್ಮಂತೆ ಕಾಣಲಿ ಎಂದಲ್ಲ. ಪಕ್ಕದ ಮನೆಯ ಮುದುಕಿ ರಾತ್ರಿ ‘ಎದೆ ನೋವು’ ಎಂದು ಕೂಗಿದರೆ ಅವರಿಗೆ ತಿಳಿಯಬೇಕು. ಅವರು ನಮ್ಮನ್ನು ಬೈದರೂ ನಮಗೆ ತಿಳಿಯುವ ಮಾತಿನಲ್ಲಿ ಬೈಯಬೇಕು, ನಾವು ‘ಅದು ಹಂಗಲ್ಲ’ ಎನ್ನುವ ಹಾಗಿರಬೇಕು. ಭಾಷೆ ಇರುವುದು ಅದಕ್ಕೆ.

ಹಳಬರ ಕಡೆಯಿಂದಲೂ ಕೊಡಬೇಕಾದದ್ದು ಇದೆ. ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ರಾಯಚೂರು ಕಡೆಯ ಹೆಣ್ಣುಮಗಳು ಒಂದು ದಿನ ನಗುತ್ತಲೇ ಹೇಳಿದಳು: ‘ಅಕ್ಕಾರ, ನಾನೂ ಈಗ ನಿಮ್ಮಂಗ ಮಾತಾಡ್ತೀನಿ ನೋಡ್ರಿ. ನಮ್ಮೂರಿಗೆ ಹೋದ್ರ ಬೆಂಗಳೂರಾಕಿ ಬಂದ್ಲು ಅಂತಾರ. ಇಲ್ಲಿ ನೀವು ರಾಯಚೂರಾಕಿ ಅಂತೀರಿ. ಹಂಗಾರ ನಾ ಯಾವೂರಾಕಿ, ನೀವ ಹೇಳ್ರಿ?’ ಕೇಳಿದ ನಾಲ್ಕೂ ಮನೆಯವರ ಹತ್ತಿರ ಉತ್ತರವಿರಲಿಲ್ಲ. ಅವಳು ನಮ್ಮಂತಾಗಿದ್ದಳು. ನಮ್ಮ ಮನೆಗಳ ಬಾಣಂತನಕ್ಕೆ, ಜ್ವರಕ್ಕೆ ಆಗಿದ್ದಳು. ಅವಳ ಮಾತಿನ ಒಂದಾದರೂ ಶಬ್ದ, ಅವಳ ಊರಿನ ಜೋಳದ ರೊಟ್ಟಿಯ ಒಂದು ಚೂರು ನಮ್ಮ ಮನೆಗಳ ಒಳಗೆ ಬಂದಿದೆಯೇ ಎಂದು ನೋಡಿದರೆ ಇಲ್ಲ.

ಬಂದವಳಿಂದ ಒಂದು ಶಬ್ದವನ್ನೂ ಕಲಿಯದ ಮನೆ ಅವಳನ್ನು ದುಡಿಸಿಕೊಂಡಿದೆಯೇ ಹೊರತು ಸೇರಿಸಿಕೊಂಡಿಲ್ಲ. ಸೊಸೆಯ ತವರಿನ ಒಂದು ಅಡುಗೆ ಅತ್ತೆಯ ಮನೆಯ ಹಬ್ಬದೂಟಕ್ಕೆ ಬಂದ ದಿನ ಆ ಹುಡುಗಿ ಸೊಸೆಯಾದಳು ಎನ್ನಬಹುದು. ಪಾದ್ರಿಗೂ ಇದೇ ಮಾತು, ಗಾರೆಯವನಿಗೂ ಇದೇ, ಹತ್ತನೆಯ ಮಹಡಿಯವರಿಗೂ ಇದೇ. ಹೊಸಬರು ಬಂದಾಗ ‘ಇವರು ನಮ್ಮಂತೆ ಆದರೇ’ ಎಂದು ಕೇಳುವುದನ್ನು ಸ್ವಲ್ಪ ದಿನ ಬಿಡೋಣ. ಹೊತ್ತಿಗೆ ಆಗುತ್ತಾರೆಯೇ, ಎದುರಿಗೆ ಮಾತಾಡುತ್ತಾರೆಯೇ ಎಂದು ಕೇಳೋಣ. ಅವೇ ಎರಡು ಪ್ರಶ್ನೆಗಳನ್ನು ನಮಗೂ ಹಾಕಿಕೊಳ್ಳೋಣ. ಉತ್ತರ ಬರುವ ಹೊತ್ತಿಗೆ, ಯಾರು ಯಾವೂರಿನವರು ಎಂಬ ಲೆಕ್ಕ ಅರ್ಧಕ್ಕರ್ಧ ಮರೆತುಹೋಗಿರುತ್ತದೆ.